ನಿಕಾನ್ ಡಿ7500: ಮೊದಲ ಕ್ಯಾಮೆರಾನೇ ಇದಾದ್ರೆ ನಡೆಯುತ್ತಾ?

ನಡೆಯುತ್ತೆ, ಚೆನ್ನಾಗೇ ನಡೆಯುತ್ತೆ. ಕಲಿಯೋರಿಗೆ ಇದು ಭಾರ ಆಗುತ್ತೆ, ಮೊದ್ಲು ಸಣ್ಣ ಮಾಡೆಲ್ ತಗೊಳ್ರಿ ಅಂತ ಸುಮಾರು ಜನ ಹೇಳ್ತಾರೆ, ನನ್ನ ಅನುಭವ ಅದಕ್ಕೆ ಉಲ್ಟಾ. ಡಿ3500, ಡಿ5600 ಅಂಥವುಗಳಲ್ಲಿ ಇರೋದು ಒಂದೇ ಡಯಲ್, ಸುಮಾರು ಸೆಟ್ಟಿಂಗ್‌ಗೆ ಮೆನು ಒಳಗೆ ಹೋಗ್ಬೇಕು. ಡಿ7500ಲ್ಲಿ ಹೆಬ್ಬೆರಳಿಗೊಂದು ತೋರುಬೆರಳಿಗೊಂದು ಅಂತ ಎರಡು ಡಯಲ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು) ಬಟನ್ ಶಟರ್ ಬಟನ್ ಪಕ್ಕದಲ್ಲೇ, ಕಣ್ಣಿಟ್ಟು ನೋಡೋ ವ್ಯೂಫೈಂಡರ್‌ನಿಂದ ಕಣ್ಣು ತೆಗೀದೇ ಎಲ್ಲಾ ಬದಲಾಯಿಸ್ಬಹುದು, ಹಂಗಾಗಿ ಕಲಿಯೋದು ಬೇಗ ಆಗುತ್ತೆ.

ಬಾಕ್ಸ್ ಬಿಚ್ಚಿದ ತಕ್ಷಣ ಮೆನು ಪೂರ್ತಿ ಓದೋಕೆ ಹೋಗ್ಬೇಡಿ ಮಾರಾಯ್ರೇ, ಮುಗಿಯೋದಿಲ್ಲ ಅದು. ಮೋಡ್ ಡಯಲ್‌ನ ಎ ಗೆ ಇಟ್ಟು ಮುಂದಿನ ಡಯಲ್‌ನಿಂದ ಅಪರ್ಚರ್, ಅಂದ್ರೆ ಲೆನ್ಸಲ್ಲಿ ಬೆಳಕು ಬರೋ ತೂತಿನ ಅಳತೆ, ಬದಲಾಯಿಸ್ತಾ ಹೋಗಿ, ಶಟರ್ ಎಷ್ಟು ಹೊತ್ತು ತೆರೆದಿರ್ಬೇಕು ಅನ್ನೋ ಶಟರ್ ಸ್ಪೀಡ್ ಕ್ಯಾಮೆರಾನೇ ನೋಡ್ಕೊಳ್ಳುತ್ತೆ. ಆಮೇಲೆ ಕಸ್ಟಮ್ ಸೆಟ್ಟಿಂಗ್‌ನಲ್ಲಿ ಈಸಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅಂತ ಒಂದಿದೆ, ಅದನ್ನ ಆನ್ ಮಾಡ್ಕೊಂಡ್ರೆ ಬೇರೆ ಬಟನ್ ಒತ್ತೋದೇ ಬೇಡ, ಹಿಂದಿನ ಡಯಲ್ ತಿರುಗಿಸಿದ್ರೆ ಫೋಟೋ ಬೆಳಕಾಗುತ್ತೆ ಇಲ್ಲಾ ಕತ್ತಲಾಗುತ್ತೆ. ಇದೊಂದು ಕೈಗೆ ಕೂತರೆ ಅರ್ಧ ಕಲಿತಂಗೆ.

ಯಾಕೆ ಅಂದ್ರೆ ಚಿತ್ರದುರ್ಗದ ಕೋಟೆಗೆ ಹೋಗಿ ನೋಡಿ. ಹನ್ನೊಂದು ಗಂಟೆ ಬಿಸಿಲಲ್ಲಿ ಫ್ರೇಮ್ ತುಂಬ ಆ ದೊಡ್ಡ ಬಂಡೆಗಳೇ ಇದ್ರೆ ಫೋಟೋ ಯಾಕೋ ಮಂಕಾಗಿ ಬರುತ್ತೆ, ಕಣ್ಣಿಗೆ ಫಳಫಳ ಅನ್ನೋ ಕಲ್ಲು ಫೋಟೋದಲ್ಲಿ ಮೋಡ ಕವಿದಂಗೆ ಕಾಣುತ್ತೆ. ಬೆಳಕು ಅಳೆಯೋ ಮೀಟರ್‌ಗೆ ಎದುರಿಗಿರೋದು ಬಿಳಿಚಾಗಿರೋ ಕಲ್ಲೋ ಕರಿ ಕಂಬಳಿಯೋ ಗೊತ್ತಿಲ್ಲ, ಎಲ್ಲಾನೂ ನಡುಮಟ್ಟದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದಿನ ಡಯಲ್‌ನ ಪ್ಲಸ್ ಕಡೆಗೆ ಎರಡು ಮೂರು ಕ್ಲಿಕ್ ತಿರುಗಿಸಿ, ಕಲ್ಲು ಕಲ್ಲಿನ ಬಣ್ಣಕ್ಕೇ ಬರುತ್ತೆ. ಒನಕೆ ಓಬವ್ವನ ಕಿಂಡಿ ಹತ್ರ ಹೋದ್ರೆ ಇದರ ಉಲ್ಟಾ ಪಾಠ, ಸುತ್ತ ನೆರಳು ನಡುವೆ ಕಿಂಡಿಯಿಂದ ಬರೋ ಬೆಳಕು ಮಾತ್ರ, ಹಂಗೇ ತೆಗೆದ್ರೆ ಕಿಂಡಿ ಪೂರ್ತಿ ಸುಟ್ಟು ಬೆಳ್ಳಗೆ ಬರುತ್ತೆ. ಇಲ್ಲಿ ಮೈನಸ್‌ಗೆ ಹೋಗ್ಬೇಕು, ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದಿದ್ದನ್ನ ಹಂಗೇ ಇಡೋ ಫೈಲ್) ತೆಗೀಬೇಕು. ಐಎಸ್‌ಒ 100ರಲ್ಲಿ ತೆಗೆದ ಈ ಕ್ಯಾಮೆರಾದ ರಾ ಫೈಲಲ್ಲಿ ಕತ್ತಲಲ್ಲಿರೋ ಕಲ್ಲಿನ ಉಳಿ ಗುರುತೂ ಆಮೇಲೆ ಕಂಪ್ಯೂಟರಲ್ಲಿ ಬೆಳಕು ಎತ್ತಿದ್ರೆ ಬರುತ್ತೆ, ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಇದೇ. ಪೂರ್ತಿ ಸುಟ್ಟ ಬಿಳಿ ಮಾತ್ರ ಏನ್ ಮಾಡಿದ್ರೂ ವಾಪಸ್ ಬರಲ್ಲ. ಎಲ್ಲಿ ಸುಟ್ಟಿದೆ ಅಂತ ಪ್ಲೇಬ್ಯಾಕ್‌ನಲ್ಲಿ ಮಿಣಮಿಣ ಮಿನುಗಿ ತೋರಿಸೋ ಹೈಲೈಟ್ಸ್ ಅನ್ನೋ ಆಯ್ಕೆ ಇದೆ, ಆನ್ ಮಾಡಿಟ್ಕೊಳ್ಳಿ. ರಾ ಫೈಲ್ ಎಡಿಟ್ ಮಾಡೋಕೆ ನಿಕಾನ್‌ನವರದೇ ಎನ್‌ಎಕ್ಸ್ ಸ್ಟುಡಿಯೋ ಫ್ರೀಯಾಗಿ ಸಿಗುತ್ತೆ, ಶುರುವಲ್ಲಿ ಅಷ್ಟು ಸಾಕು.

ಹಕ್ಕಿ ಹುಚ್ಚು ಇದ್ರೆ ಬೆಳಿಗ್ಗೆ ದಾವಣಗೆರೆಯ ಕುಂದುವಾಡ ಕೆರೆ ಏರಿಗೆ ಹೋಗಿ. ಬೆಳ್ಳಕ್ಕಿ ಬಿಳುಪನ್ನ ಉಳಿಸ್ಕೊಳ್ಳೋಕೆ ಇದರಲ್ಲಿ ಹೈಲೈಟ್ ವೆಯ್ಟೆಡ್ ಮೀಟರಿಂಗ್ ಅಂತ, ಬೆಳ್ಳಗಿರೋ ಭಾಗ ಸುಡದಂಗೆ ಬೆಳಕು ಅಳೆಯೋದು, ಬೇರೇನೇ ಇದೆ, ಗರಿಗಳ ಗೆರೆ ಗೆರೆ ಕಾಣುತ್ತೆ. ಹಾರೋ ಹಕ್ಕಿಗೆ ಶಟರ್ ಸ್ಪೀಡ್ ನಾವೇ ಇಡೋ ಎಸ್ ಮೋಡ್, 1/1000 ಸೆಕೆಂಡಿಗಿಂತ ನಿಧಾನ ಬೇಡ, ಫೋಕಸ್‌ಗೆ ಓಡಾಡೋದನ್ನ ಬಿಡದೆ ಹಿಂಬಾಲಿಸೋ ಎಎಫ್-ಸಿ. ಸೆಕೆಂಡಿಗೆ 8 ಫೋಟೋ ಹೊಡೆಯುತ್ತೆ, ಫೋಕಸ್ ಪಾಯಿಂಟ್ 51 ಇದಾವೆ, ಈ ರೇಟಿನ ಕ್ಯಾಮೆರಾಗೆ ಇದು ಭರ್ಜರಿ. ಆದ್ರೆ ಹಿಂದಿನ ಸ್ಕ್ರೀನ್ ನೋಡ್ಕೊಂಡು ಹಕ್ಕಿ ತೆಗೀತೀನಿ ಅಂದ್ರೆ ಆಗಲ್ಲ, ಲೈವ್ ವ್ಯೂನಲ್ಲಿ ಫೋಕಸ್ ಮಾಡೋ ವಿಧಾನನೇ ಬೇರೆ, ನಿಧಾನ. ಮೊಬೈಲಿಂದ ಬಂದೋರಿಗೆ ಸ್ಕ್ರೀನ್ ನೋಡೋದೇ ಅಭ್ಯಾಸ, ಅದನ್ನ ಬಿಡ್ಬೇಕು, ಕಣ್ಣು ವ್ಯೂಫೈಂಡರ್‌ಗೆ ಇಡ್ಬೇಕು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು ಒಂದರ ಹಿಂದೊಂದು ಫೋಟೋ ತೆಗೆದ್ರೆ ಒಂದು ಬೆಳಕು ಒಂದು ಮಬ್ಬು, ಬಣ್ಣಾನೂ ಬೇರೆ ಬೇರೆ ಬರುತ್ತೆ. ಕ್ಯಾಮೆರಾ ಕೆಟ್ಟಿಲ್ಲ ರೀ. ನಮ್ಮ ಕರೆಂಟು 50 ಹರ್ಟ್ಜ್, ಸುಮಾರು ಟ್ಯೂಬ್‌ಲೈಟು ಎಲ್ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗ್ತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ ಅಷ್ಟೆ. ಮೆನುನಲ್ಲಿ ಫ್ಲಿಕರ್ ರಿಡಕ್ಷನ್ ಆನ್ ಮಾಡಿದ್ರೆ ಬೆಳಕು ಏರಿದ ಗಳಿಗೆ ನೋಡ್ಕೊಂಡು ಶಟರ್ ಬಿಡುತ್ತೆ. ಇಂಥ ಜಾಗಕ್ಕೆ ಜಾಸ್ತಿ ಬೆಳಕು ಒಳಗೆ ಬಿಡೋ 35 ಎಂಎಂ ಎಫ್/1.8 ಲೆನ್ಸ್ ಹಾಕಿ, ಕಡಾಯಿಯಿಂದ ಮಿರ್ಚಿ ಎತ್ತೋ ಜಾಲರಿಯಿಂದ ಎಣ್ಣೆ ತೊಟ್ಟಿಕ್ಕೋದೂ ನಿಂತಂಗೆ ಸಿಗುತ್ತೆ, ಜೊತೆಗೆ ಬರೋ ಜೂಮ್‌ಗೆ ಅಷ್ಟು ಬೆಳಕು ಸಾಕಾಗಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಕಾರ್ಡ್ ಸ್ಲಾಟ್ ಒಂದೇ. 2015ರ ಡಿ7200ಲ್ಲೇ ಎರಡಿತ್ತು, 2017ರಲ್ಲಿ ಬಂದ ಇದರಲ್ಲಿ ಒಂದು ತೆಗೆದಿದ್ದಾರೆ, ನನಗೆ ಈಗ್ಲೂ ಸರಿ ಅನ್ಸಲ್ಲ. ಮುಂದೆ ಮದುವೆ ಆರ್ಡರ್ ಹಿಡೀಬೇಕು ಅನ್ನೋರು ಇದನ್ನ ಗಟ್ಟಿಯಾಗಿ ಯೋಚ್ನೆ ಮಾಡಿ, ಒಬ್ಬರ ಧಾರೆ ಫೋಟೋ ಒಂದೇ ಕಾರ್ಡ್ ಮೇಲೆ ಬಿಡೋದು ಧೈರ್ಯದ ಕೆಲ್ಸ ಅಲ್ಲ, ತಪ್ಪು ಕೆಲ್ಸ. ವಿಡಿಯೋನೇ ಮುಖ್ಯ ಅನ್ನೋರಿಗೂ ಇದು ಬೇಡ, 4ಕೆ ಹಾಕಿದ್ರೆ ಫ್ರೇಮ್ ಇನ್ನೂ ಒಂದೂವರೆ ಪಟ್ಟು ಕಟ್ ಆಗುತ್ತೆ, ಸಣ್ಣ ರೂಮಲ್ಲಿ ನಿಲ್ಲೋಕೆ ಜಾಗ ಸಾಲಲ್ಲ. ಬ್ಯಾಟರಿ ಬಗ್ಗೆ ಮಾತೇ ಬೇಡ, ಒಂದು ಚಾರ್ಜಿಗೆ 950 ಫೋಟೋ ಅಂತ ಕಂಪನಿ ಲೆಕ್ಕ, ಕೋಟೆ ಹತ್ತಿ ಇಳಿಯೋ ಇಡೀ ದಿನಕ್ಕೆ ಧಾರಾಳ.

ತಗೊಳ್ಳೋದಾದ್ರೆ ನಾನು ಸೆಕೆಂಡ್ ಹ್ಯಾಂಡ್ ಕಡೆಗೇ. ಸ್ಟುಡಿಯೋದವರು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋಗ್ತಿರೋದ್ರಿಂದ ಒಳ್ಳೇ ಬಾಡಿಗಳು ಸಿಗ್ತವೆ. ಬಾಡಿ ಒಳಗೇ ಫೋಕಸ್ ಮೋಟಾರ್ ಇರೋದ್ರಿಂದ ಅವರ ಹತ್ರ ಬಿದ್ದಿರೋ ಹಳೇ 50 ಎಂಎಂ ಎಫ್/1.8ಡಿ ಲೆನ್ಸೂ ಇದಕ್ಕೆ ಆಟೋಫೋಕಸ್ ಆಗುತ್ತೆ, ಡಿ3500 ಡಿ5600ಗೆ ಹಾಕಿದ್ರೆ ಕೈಯಲ್ಲೇ ತಿರುಗಿಸ್ಬೇಕು. ದುಡ್ಡು ಕೊಡೋ ಮುಂಚೆ ಒಂದು ಫೋಟೋ ತೆಗೆದು ಆ ಫೈಲಿಂದ ಶಟರ್ ಕೌಂಟ್, ಅಂದ್ರೆ ಇದುವರೆಗೂ ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋದು, ನೋಡ್ಕೊಳ್ಳಿ. ಇದರ ಶಟರ್ ಟೆಸ್ಟ್ ಆಗಿರೋದು 1,50,000ಕ್ಕೆ, ಒಂದು ಲಕ್ಷ ದಾಟಿದ್ರೆ ರೇಟು ಗಟ್ಟಿಯಾಗಿ ಇಳಿಸಿ ಕೇಳಿ, ಕೌಂಟ್ ತೋರಿಸೋಕೆ ಒಪ್ಪದಿದ್ರೆ ವಾಪಸ್ ಕೊಟ್ಟು ಮುಂದಿನ ಅಂಗಡಿಗೆ ನಡೀರಿ.