ಎಲ್‌ಎಲ್‌ಬಿಯೋ, ವೈದ್ಯಕೀಯ ಕಾನೂನಿನ ಡಿಪ್ಲೊಮಾವೋ?

ತುಮಕೂರಿನ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುತ್ತಲೇ ಆರೋಗ್ಯ ಕಾನೂನು ಓದಬೇಕೆನ್ನುವ ನರ್ಸ್‌ಗಳಿಗೆ ಈ ಮಾತು. ಕೋರ್ಟಿನಲ್ಲಿ ವಾದಿಸುವ ಆಸೆಯಿದ್ದರೆ ಪದವಿಯ ನಂತರದ 3 ವರ್ಷದ ಎಲ್‌ಎಲ್‌ಬಿಯೇ ಬೇಕು. ಡಿಪ್ಲೊಮಾದಿಂದ ವಕೀಲಿ ಸನ್ನದು ಸಿಗದು. ಆದರೆ ಎಲ್‌ಎಲ್‌ಬಿ ತರಗತಿಗೆ ಹಾಜರಾತಿ ಕಡ್ಡಾಯ, ನೈಟ್ ಶಿಫ್ಟ್‌ನವರಿಗೆ ಕಷ್ಟ.

ಕೆಲಸ ಬಿಡಲಾಗದಿದ್ದರೆ ನನ್ನ ಮತ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾಕ್ಕೆ. ದೂರಶಿಕ್ಷಣ, ಊರಲ್ಲಿದ್ದೇ ಓದಬಹುದು. ವಾರ್ಡಿನಲ್ಲಿ ನೇರ ಬಳಕೆಗೆ ಬರುವ ಓದೂ ಇದೇ. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರವನ್ನೇ ತೆಗೆದುಕೊಳ್ಳಿ: ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ನೀವೇ ತಾನೇ?