ಹದಿನಾರು ಮಳೆಗಾಲ ಕಂಡ ನನ್ನ ಜಿಪ್ಸಿ

2004ರ ಮಾಡೆಲ್‌ನ ಮಾರುತಿ ಜಿಪ್ಸಿಯನ್ನು ನಾನು ಕೊಂಡದ್ದು 2009ರಲ್ಲಿ. ಸಕಲೇಶಪುರದ ಆಚೆ ನಮ್ಮ ಕಾಫಿ ತೋಟಕ್ಕೆ ಹೋಗುವ ಮಣ್ಣಿನ ದಾರಿಯನ್ನು ಜೂನ್ ಬಂತೆಂದರೆ ಬೇರೆ ಕಾರು ಹತ್ತುವುದಿಲ್ಲ. 1298 ಸಿಸಿ ಪೆಟ್ರೋಲ್ ಎಂಜಿನ್, 80 ಅಶ್ವಶಕ್ತಿ. ದೊಡ್ಡ ಅಂಕಿಗಳೇನಲ್ಲ, ಆದರೆ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು ಮಾತ್ರ, ಕೆಸರಿನಲ್ಲಿ ಗೆಲ್ಲಿಸುವುದು ಅದೇ. ಕೆಳಗಿಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ ತಿರುಗಿಸಿ ಲಾಕ್ ಮಾಡಿ, ಚಿಕ್ಕ ಲಿವರನ್ನು ಲೋ ರೇಂಜಿಗೆ, ಅಂದರೆ ನಾಲ್ಕೂ ಚಕ್ರ ನಿಧಾನವಾಗಿ ಆದರೆ ಹೆಚ್ಚು ಬಲದಿಂದ ತಿರುಗುವ ಗೇರಿಗೆ, ಎಳೆದರೆ ಸಾಕು, ಭಾರದ ಜೀಪುಗಳು ಹೂತುಕೊಳ್ಳುವ ಏರನ್ನು ಇದು ಅವಸರವಿಲ್ಲದೆ ಹತ್ತುತ್ತದೆ.

ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಲಾರಿಗಳಲ್ಲಿರುವಂಥ ಗಟ್ಟಿ ಉಕ್ಕಿನ ಪಟ್ಟಿಗಳು. ಗಾಡಿ ಖಾಲಿಯಿದ್ದಾಗ ಪ್ರತಿ ಗುಂಡಿಯೂ ಸೊಂಟಕ್ಕೆ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಹಿರಿಯರನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಡಬೇಡಿ.

ಈ ಗಾಡಿ ಇಷ್ಟು ವರ್ಷ ನಿಲ್ಲದೆ ಓಡುವಂತೆ ನೋಡಿಕೊಂಡದ್ದು ನಾನೊಬ್ಬನೇ ಅಲ್ಲ. 2011ರ ಆಗಸ್ಟ್‌ನಲ್ಲಿ, ಬಿಸಿಲೆ ಘಾಟಿಯಲ್ಲಿ, ನಾನು ಬದಲಿಸದೆ ಮುಂದೂಡುತ್ತಿದ್ದ ಹಳೆಯ ಕ್ಲಚ್ ಕೇಬಲ್ ಸಂಜೆ ಹೊತ್ತಿಗೆ ತುಂಡಾಯಿತು. ಮುಖವನ್ನೇ ನೋಡಿರದ ಇನ್ನೊಬ್ಬ ಜಿಪ್ಸಿ ಮಾಲೀಕರು ಫೋನಿನಲ್ಲಿ ವಿಷಯ ತಿಳಿದು, ಮೂಡಿಗೆರೆಯಿಂದ ಕೇಬಲ್ ಹಿಡಿದುಕೊಂಡು ಮಳೆಯಲ್ಲೇ ಬಂದರು. ಕೇಬಲ್ಲಿನ ದುಡ್ಡು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಜಿಪ್ಸಿ ಮಾಲೀಕರ ಆಗಿನ ನಮ್ಮ ಬಳಗ ಹಾಗಿತ್ತು. ಸೇನೆಯ ಹರಾಜಿನಿಂದ ಗಾಡಿ ತಂದವರು, ರ‍್ಯಾಲಿಯ ಹುಚ್ಚಿನವರು, ತೋಟದವರು, ಎಲ್ಲರೂ ಇದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಿ ಯಾವ ಬಿಡಿಭಾಗ ಸಿಗುತ್ತದೆ ಎಂಬುದು ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು.

2018ರ ಕೊನೆಗೆ ಕಂಪನಿ ಜಿಪ್ಸಿಯ ಬುಕಿಂಗ್ ನಿಲ್ಲಿಸಿತು. ಹೊಸ ಸುರಕ್ಷತಾ ನಿಯಮಗಳಿಗೆ ಆ ಹಳೆಯ ವಿನ್ಯಾಸ ಒಗ್ಗುವಂತಿರಲಿಲ್ಲ. ಹೊಸದು ಸಿಗುವುದಿಲ್ಲ ಎಂದಾದ ಮೇಲೆ ಹಳೆಯದರ ಬೆಲೆ ಏರಿತು, ಬಳಗ ಕರಗಿತು. ನಮ್ಮಲ್ಲಿ ಹಲವರು ಒಳ್ಳೆಯ ಬೆಲೆಗೆ ಮಾರಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೋವಾದದ್ದು ಬೇರೆ ಕಾರಣಕ್ಕೆ. ಬಿಡಿಭಾಗ ಎಲ್ಲಿದೆ ಎಂದು ಸಾರಿ ಹೇಳುತ್ತಿದ್ದ ಜನರೇ ಅದನ್ನು ಕೊಂಡು ಅಟ್ಟದಲ್ಲಿ ಬಚ್ಚಿಡತೊಡಗಿದರು. ಮಾತು ಕಡಿಮೆಯಾಯಿತು, ಮಾರಾಟದ ಫೋಟೊಗಳು ಹೆಚ್ಚಾದವು. ವರ್ಷಕ್ಕೆರಡು ಸಲ ಸೇರುತ್ತಿದ್ದ ನಾವು ಮೂರು ವರ್ಷ ಒಮ್ಮೆಯೂ ಸೇರಲಿಲ್ಲ.

2023ರ ಜೂನ್‌ನಲ್ಲಿ ಮಾರುತಿಯ ಇದೇ ಬಗೆಯ ಹೊಸ ಗಾಡಿ ಜಿಮ್ನಿ ಮಾರುಕಟ್ಟೆಗೆ ಬಂದಾಗ ಉಳಿದವರೂ ಚದುರುತ್ತಾರೆ ಅಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಜಿಮ್ನಿ ಕೊಂಡ ಹುಡುಗರು ಕೆಸರಿನಲ್ಲಿ ಓಡಿಸುವುದನ್ನು ಕಲಿಯಲು ನಮ್ಮನ್ನು ಹುಡುಕಿಕೊಂಡು ಬಂದರು. ಅವರದು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಮೆತ್ತನೆಯ ಗಾಡಿ. ಆದರೂ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಗೇರಿನಲ್ಲೇ ಇಳಿಸುವ ಪಾಠ ಎರಡಕ್ಕೂ ಒಂದೇ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಅಂಗಳದಲ್ಲಿ ಹನ್ನೊಂದು ಗಾಡಿಗಳು ನಿಂತಿದ್ದವು, ಅವುಗಳಲ್ಲಿ ನಾಲ್ಕು ಮಾತ್ರ ಜಿಪ್ಸಿ.

ಈಗ ಹಳೆಯ ಜಿಪ್ಸಿ ಕೊಳ್ಳುವವರಿಗೆ ಒಂದು ಮಾತು. ಬೆಲೆ ಕೇಳುವ ಮೊದಲು ಗಾಡಿಯ ಅಡಿಗೆ ತೂರಿ ಚಾಸಿಸ್ಸನ್ನು, ಅಂದರೆ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟನ್ನು, ಸುತ್ತಿಗೆಯಿಂದ ತಟ್ಟಿ ನೋಡಿ. ಮಲೆನಾಡಿನ ಗಾಡಿಯಾದರೆ ಬಣ್ಣದ ಕೆಳಗೆ ತುಕ್ಕು ಇರಬಹುದು. ಆರ್‌ಸಿ, ಅಂದರೆ ನೋಂದಣಿ ಪತ್ರದ, ಅವಧಿಯನ್ನೂ ನೋಡಿ. 2019ರಲ್ಲಿ 600 ರೂಪಾಯಿ ಇದ್ದ ನವೀಕರಣ ಶುಲ್ಕಕ್ಕೆ 2024ರಲ್ಲಿ ನಾನು 5,000 ಕಟ್ಟಿದ್ದೇನೆ. ನನ್ನದನ್ನು ಮಾರುವುದಿಲ್ಲ. ಆದರೆ ಒಂದು ಹೆಚ್ಚುವರಿ ಕ್ಲಚ್ ಕೇಬಲ್ ಸದಾ ಸೀಟಿನ ಕೆಳಗಿರುತ್ತದೆ. ಘಾಟಿಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ಅದು ಅವರದು.