ಬಾಗಿಲ ಬಳಿಯ ಎರಡು ಅಡಿ ಜಾಗ

ಎರಡು ವರ್ಷಗಳಿಂದ ಕೆಲಸಕ್ಕೆ ಹೋಗಿಬರಲು ನೆಲದಡಿಯ ರೈಲನ್ನೇ ನಂಬಿಕೊಂಡಿರುವ ನಾನು ಈ ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದ ಹೆಚ್ಚಿನ ಪಾಲು ಬೋಗಿಯ ಬಾಗಿಲ ಬಳಿಯ ಎರಡು ಅಡಿ ಜಾಗದ್ದು.

ರೈಲಿನ ಮೇಲೆ ನನಗೆ ಹೆಚ್ಚಿನ ದೂರಿಲ್ಲ. ಇಕ್ಕಟ್ಟಾದ ಸುರಂಗದಲ್ಲಿ ಅದು ತನ್ನ ಮುಂದಿನ ಗಾಳಿಯನ್ನು ಪಿಸ್ಟನ್ನಿನಂತೆ ದೂಡಿಕೊಂಡು ಬರುವುದರಿಂದ, ದೀಪ ಕಾಣುವ ಮೊದಲೇ ಗಾಳಿ ಮುಖಕ್ಕೆ ಬಡಿಯುತ್ತದೆ. ಫಲಕ ನೋಡದೆಯೇ ಜನ ಬೆಂಚು ಬಿಟ್ಟು ಏಳುತ್ತಾರೆ. ತಿರುವಿನಲ್ಲಿ ಕಿವಿ ಕೊರೆಯುವ ಕಿರುಚಾಟಕ್ಕೂ ಕಾರಣವಿದೆ: ಹೊರಬದಿಯ ಹಳಿ ಒಳಬದಿಯದಕ್ಕಿಂತ ಉದ್ದವಾಗಿದ್ದರೂ ಒಂದೇ ಅಚ್ಚಿಗೆ ಬಿಗಿದ ಎರಡೂ ಚಕ್ರಗಳು ಸಮನಾಗಿಯೇ ಸುತ್ತಬೇಕಾದ್ದರಿಂದ ಅವು ಹಳಿಯ ಮೇಲೆ ಜಾರಿ ಉಜ್ಜುತ್ತವೆ. ಇದು ಗೊತ್ತಾದ ಮೇಲೆ ಆ ಸದ್ದನ್ನು ಸಹಿಸುತ್ತೇನೆ.

ಸಹಿಸಲಾಗದ್ದು ಬಾಗಿಲು ತೆರೆದಾಗ ನಡೆಯುವುದು. ಇಳಿಯುವವರಿಗೆ ದಾರಿ ಕೊಡದೆ ಹತ್ತುವವರು ನುಗ್ಗುತ್ತಾರೆ. ಹತ್ತಿದವರು ಅಲ್ಲಿಯೇ ಬೇರೂರುತ್ತಾರೆ. ಬೋಗಿಯ ನಡುವೆ ಹಿಡಿಕೆಗಳು ಖಾಲಿ ತೂಗಾಡುತ್ತಿರುತ್ತವೆ. ಮುಚ್ಚುತ್ತಿರುವ ಬಾಗಿಲಿಗೆ ಯಾರೋ ಒಬ್ಬರು ಚೀಲ ಅಡ್ಡ ಕೊಟ್ಟರಂತೂ ಎಲ್ಲ ಬಾಗಿಲುಗಳೂ ಮುಚ್ಚಿ ಭದ್ರವಾಗುವವರೆಗೆ ರೈಲು ಹೊರಡುವಂತಿಲ್ಲ, ಹಿಂದಿನ ರೈಲು ಸುರಂಗದಲ್ಲೇ ಕಾಯಬೇಕು. ಕಳೆದ ತಿಂಗಳು ಯುವಕನೊಬ್ಬ ನಾಲ್ಕೈದು ಕೈಗಳಿಗೆ ಆಸರೆಯಾಗಬಹುದಾದ ಕಂಬಕ್ಕೆ ಬೆನ್ನು ಒರಗಿಸಿ ಮೊಬೈಲಿನಲ್ಲಿ ಮುಳುಗಿದ್ದ. ಅವನ ಬೆನ್ನುಚೀಲಕ್ಕೂ ಕಂಬಕ್ಕೂ ನಡುವೆ ಸಿಕ್ಕಿಬಿದ್ದ ನನ್ನ ಬೆರಳುಗಳ ಮೇಲೆ ಚೀಲದ ಬಕಲ್ಲಿನ ಅಚ್ಚು ಮೂಡಿತ್ತು. ಸ್ವಲ್ಪ ಸರಿಯುವಂತೆ ಕೇಳಿದಾಗ ಒಂದು ಕಿವಿಯ ಇಯರ್‌ಫೋನ್ ತೆಗೆದು, "ಮುಂದಿನ ಸ್ಟೇಷನ್ನಿನಲ್ಲಿ ಇಳೀತೀನಿ ಸರ್" ಎಂದ. ಇಳಿದದ್ದು ಆರನೆಯದರಲ್ಲಿ.

ನಡೆಸುವವರ ಪಾಲಿನ ತಪ್ಪು ಧ್ವನಿವರ್ಧಕದ್ದು. ದಿನವೂ ಕೇಳುವ ಧ್ವನಿಮುದ್ರಿತ ಸೂಚನೆಗಳು ಸ್ಫಟಿಕದಷ್ಟು ಸ್ಪಷ್ಟ. ಆದರೆ ಒಮ್ಮೆ ಸುರಂಗದ ನಡುವೆ ಹನ್ನೊಂದು ನಿಮಿಷ ನಿಂತಾಗ ಬಂದ ಪ್ರಕಟಣೆಯಲ್ಲಿ "ದಯವಿಟ್ಟು" ಎಂಬುದೊಂದು ಬಿಟ್ಟರೆ ಉಳಿದದ್ದೆಲ್ಲ ಗೊರಗೊರ ಸದ್ದು.

ಎಸ್ಕಲೇಟರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿದೆ. ಒಂದು ಬದಿಯನ್ನು ನಡೆಯುವವರಿಗೆ ಬಿಡದವರನ್ನು ಕಂಡರೆ ಹಿಂದೆ ಸಿಡಿಮಿಡಿಗೊಳ್ಳುತ್ತಿದ್ದೆ. 2015ರಲ್ಲಿ ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ ಎರಡೂ ಬದಿಯಲ್ಲಿ ನಿಲ್ಲುವಂತೆ ಜನರನ್ನು ಕೇಳಿಕೊಂಡು ನೋಡಿದಾಗ, ದಟ್ಟಣೆಯ ಹೊತ್ತಿನಲ್ಲಿ ಹೆಚ್ಚು ಮಂದಿ ಮೇಲೇರಿದ್ದು ಕಂಡುಬಂತು. ಉದ್ದದ ಎಸ್ಕಲೇಟರನ್ನು ನಡೆದು ಹತ್ತುವವರು ಕೆಲವರೇ ಆದ್ದರಿಂದ ಅವರಿಗೆಂದು ಬಿಟ್ಟ ಬದಿ ಬಹುಪಾಲು ಖಾಲಿಯಿರುತ್ತದೆ. ಈಗ ನಾನೂ ನಿಲ್ಲುತ್ತೇನೆ. ಮೇಲೆ ತಲುಪಿದೊಡನೆ ಅಲ್ಲಿಯೇ ನಿಂತು ಫೋನ್ ತೆಗೆಯುವವರಿಗೆ ಮಾತ್ರ ಕ್ಷಮೆಯಿಲ್ಲ.

ಹೊಸಬರು ಮೆಟ್ಟಿಲಿನ ಎದುರಿಗೆ ನಿಲ್ಲುವ ಬೋಗಿಯನ್ನು ಬಿಟ್ಟು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆಯುವುದು ಲೇಸು. ಇಳಿದ ಮೇಲೆ ಅಷ್ಟೇ ದೂರ ಹಿಂದಕ್ಕೆ ನಡೆಯಬೇಕಾಗಬಹುದು, ಆದರೆ ಅಲ್ಲಿ ಹಿಡಿಯಲು ಕಂಬ ಸಿಗುತ್ತದೆ.